ಹಿಕ್ಕೆಯಲ್ಲಿ ಸಿಕ್ಕ ಡಿಎನ್‌ಎ, ಕೂಡದ ಲೆಕ್ಕ

ಅಳಿವಿನಂಚಿನ ಪ್ರಾಣಿಗಳ ಬಗ್ಗೆ ಓದಲು ಕೂತರೆ ಮೈಕ್ರೋಸ್ಯಾಟಲೈಟ್, ಎಸ್‌ಎನ್‌ಪಿ, ಜೀನೋಮ್ ಅಂತ ಹೆಸರುಗಳು ಒಂದರ ಮೇಲೊಂದು ಬರುತ್ತವೆ. ಎಲ್ಲವೂ ಪ್ರಾಣಿಗಳನ್ನು ಡಿಎನ್‌ಎಯಿಂದ ಗುರುತಿಸುವ ಮಾರ್ಕರ್‌ಗಳ ಕಥೆಗೆ ಸೇರಿದವು. ಇವೆಲ್ಲ ಹೇಗೆ ಹುಟ್ಟಿಕೊಂಡವು?

ಮಾರ್ಕರ್ ಅಂದರೆ ಪ್ರಾಣಿಯಿಂದ ಪ್ರಾಣಿಗೆ ಬದಲಾಗುವ, ನಾವು ಓದಬಲ್ಲ ಒಂದು ಜಾಗ. ಮೊದಲು ನೋಡುತ್ತಿದ್ದದ್ದು ರಕ್ತದ ಪ್ರೋಟೀನ್‌ಗಳನ್ನು. 1983ರಲ್ಲಿ 55 ಚೀತಾಗಳ 47 ಜಾಗಗಳನ್ನು ಪರೀಕ್ಷಿಸಿದರೆ ಒಂದರಲ್ಲೂ ವ್ಯತ್ಯಾಸ ಸಿಗಲಿಲ್ಲ! ಆದರೆ ರಕ್ತ ಬೇಕಾದರೆ ಪ್ರಾಣಿಯನ್ನು ಹಿಡಿಯಬೇಕಲ್ವಾ? ಚೂರು ಡಿಎನ್‌ಎಯನ್ನು ಲಕ್ಷಾಂತರ ಪ್ರತಿ ಮಾಡುವ ಪಿಸಿಆರ್ ಬಂದ ಮೇಲೆ ಆ ಕಷ್ಟ ಕಡಿಮೆಯಾಯಿತು. 1992ರಲ್ಲಿ ಕಂದು ಕರಡಿಯ ಹಿಕ್ಕೆಯಿಂದಲೇ ಡಿಎನ್‌ಎ ಓದಿದರು.

ಆಮೇಲೆ ಮೈಕ್ರೋಸ್ಯಾಟಲೈಟ್‌ಗಳ ಕಾಲ. ಡಿಎನ್‌ಎಯ ಅಕ್ಷರಗಳು ಸಿಎಸಿಎಸಿಎ ಅಂತ ಮತ್ತೆ ಮತ್ತೆ ಬರುವ ತುಂಡುಗಳಿವು, ಅದರ ಉದ್ದವೇ ಗುರುತು. ಒಂದೊಂದು ಜಾತಿಗೂ ಹೊಸದಾಗಿ ಹುಡುಕುವುದು ತಿಂಗಳುಗಟ್ಟಲೆ ಕೆಲಸ, ಹಾಗಾಗಿ ಬೆಕ್ಕಿನ ಮಾರ್ಕರ್ ಹುಲಿಗೆ, ಹಸುವಿನದ್ದು ಜಿಂಕೆಗೆ ಅಂತ ಎರವಲು ಶುರುವಾಯಿತು. ಎರವಲು ತಂದದ್ದು ಹೊಸ ಜಾತಿಯ ಡಿಎನ್‌ಎಗೆ ಎಲ್ಲಾ ಕಡೆ ಸರಿಯಾಗಿ ಅಂಟುವುದಿಲ್ಲ, ಆಗ ಕೆಲವು ರೂಪಗಳು ಕಾಣುವುದೇ ಇಲ್ಲ. ಹಿಕ್ಕೆಯ ಡಿಎನ್‌ಎ ಬೇರೆ ಹರಿದು ಚೂರಾಗಿರುತ್ತದೆ. ಒಂದು ಪ್ರಾಣಿಗೆ ತಾಯಿಯಿಂದ 182 ಅಕ್ಷರ ಉದ್ದದ ತುಂಡು, ತಂದೆಯಿಂದ 190 ಅಕ್ಷರದ್ದು ಬಂದಿದೆ ಅಂದುಕೊಳ್ಳಿ. ಅದರದ್ದೇ ಇನ್ನೊಂದು ಹಿಕ್ಕೆಯ ಪರೀಕ್ಷೆಯಲ್ಲಿ 182 ಮಾತ್ರ ಕಂಡರೆ ಇದು ಬೇರೆಯದೇ ಪ್ರಾಣಿ ಅಂತ ಲೆಕ್ಕಕ್ಕೆ ಸೇರಿಬಿಡುತ್ತದೆ, ಹತ್ತು ಪ್ರಾಣಿ ಹದಿಮೂರಾಗುವುದು ಹೀಗೆ. ಅದಕ್ಕೇ ಒಂದೇ ಮಾದರಿಯನ್ನು ಮತ್ತೆ ಮತ್ತೆ ಓದಬೇಕು ಅಂತ 1996ರಲ್ಲೇ ಹೇಳಿದ್ದರು. ಖರ್ಚು ಜಾಸ್ತಿ, ಎಲ್ಲರೂ ಪಾಲಿಸಲಿಲ್ಲ.

ಇನ್ನೊಂದು ಗೋಜಲೂ ಇದೆ. ಒಂದು ಲ್ಯಾಬ್‌ನ ಯಂತ್ರದಲ್ಲಿ 182 ಅಂತ ಬಂದದ್ದು ಇನ್ನೊಂದರಲ್ಲಿ 184 ಅಂತ ಬರಬಹುದು. ಎರಡನ್ನೂ ಹೊಂದಿಸಲು ಒಂದೇ ಮಾದರಿಯನ್ನು ಎರಡೂ ಕಡೆ ಓದಬೇಕು. ಆದರೆ ಹೊಸ ಮಾರ್ಕರ್ ಮಾಡಿದರೆ ಪೇಪರ್ ಆಗುತ್ತದೆ, ಹಳೆಯ ಸಂಖ್ಯೆ ಹೊಂದಿಸುತ್ತಾ ಕೂತರೆ ಏನು ಸಿಗುತ್ತದೆ? ವರ್ಷಗಟ್ಟಲೆ ಕೂಡಿಟ್ಟ ದತ್ತಾಂಶ ಸುಮ್ನೆ ಬಿದ್ದಿರುವುದಕ್ಕೆ ಇದೂ ಒಂದು ಕಾರಣ.

ಎಸ್‌ಎನ್‌ಪಿಯಲ್ಲಿ ಈ ತಲೆನೋವು ಕಡಿಮೆ. ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ ಅದು, ಯಾವ ಲ್ಯಾಬ್‌ನಲ್ಲಿ ಓದಿದರೂ 'ಎ' ಅನ್ನುವ ಅಕ್ಷರ 'ಎ' ಆಗಿಯೇ ಇರುತ್ತದೆ. ಚಿಕ್ಕ ಚೂರಿನಲ್ಲೂ ಸಿಗುತ್ತದೆ. ಕೆಲವೇ ಪ್ರಾಣಿಗಳನ್ನು ನೋಡಿ ಆರಿಸಿದ ಎಸ್‌ಎನ್‌ಪಿಗಳ ಪಟ್ಟಿಯಾದರೆ ಉಳಿದವುಗಳ ವೈವಿಧ್ಯ ಕಡಿಮೆ ಕಾಣುತ್ತದೆ ಅನ್ನುವ ತೊಂದರೆ ಇದ್ದೇ ಇದೆ. ಆದರೂ ಒಡಿಶಾದ ಸಿಮಿಲಿಪಾಲ್ ಕಾಡಿನ ಕಪ್ಪು ಹುಲಿಗಳ ವಿಷಯದಲ್ಲಿ ಎಸ್‌ಎನ್‌ಪಿ ಚೆನ್ನಾಗಿ ಕೆಲಸ ಕೊಟ್ಟಿತು. ಮೊದಲು ಮೃಗಾಲಯದ ಹುಲಿಗಳ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ ಓದಿ ಟ್ಯಾಕ್‌ಪೆಪ್ ಎಂಬ ಜೀನ್‌ನಲ್ಲಿ ಬದಲಾದ ಒಂದು ಅಕ್ಷರ ಹಿಡಿದರು, ಆಮೇಲೆ ಅದೊಂದನ್ನೇ ಕಾಡಿನ ಹುಲಿಗಳಲ್ಲಿ ಹುಡುಕಿದರು. 2021ರಲ್ಲಿ ಅದು ಪ್ರಕಟವಾಯಿತು.