‘ದೇರ್’ ತಪ್ಪಾದದ್ದು ಯಾವಾಗ?

‘ಎವ್ರಿವನ್ ಮಸ್ಟ್ ಬ್ರಿಂಗ್ ದೇರ್ ಬುಕ್’ ಎಂದು ಬರೆದಿದ್ದೆ. ಮೇಷ್ಟ್ರು ‘ದೇರ್’ ಮೇಲೆ ಕೆಂಪು ಗೀಟೆಳೆದು ‘ಹಿಸ್’ ಎಂದು ತಿದ್ದಿದರು. ಸರ್ವನಾಮವು ತಾನು ಸೂಚಿಸುವ ಪದದ ವಚನಕ್ಕೂ ಲಿಂಗಕ್ಕೂ ಹೊಂದಬೇಕು, ‘ಎವ್ರಿವನ್’ ಏಕವಚನ ಎಂಬುದು ಪಾಠ. ವಚನವೇನೋ ಹೊಂದಿತು. ಆದರೆ ತರಗತಿಯ ಅರ್ಧದಷ್ಟು ಹುಡುಗಿಯರೇ ಇದ್ದರು!

ನಿಜಕ್ಕೂ ‘ಪ್ರತಿಯೊಬ್ಬರೂ ತಮ್ಮ ಪುಸ್ತಕ ತರಬೇಕು’ ಎಂದು ಕನ್ನಡದಲ್ಲಿ ಯೋಚಿಸಿ ಬರೆದ ವಾಕ್ಯವದು. ಇಂಗ್ಲಿಷಿಗೂ ಈ ದಾರಿ ಹೊಸದಲ್ಲ. ಹದಿನಾಲ್ಕನೇ ಶತಮಾನದಲ್ಲೇ ಇಂಗ್ಲಿಷ್ ಕವಿ ಚಾಸರ್, ಯಾರೆಂದು ಗೊತ್ತಿಲ್ಲದ ಒಬ್ಬರನ್ನು ‘ದೇ’ ಎಂದ. ಶೇಕ್ಸ್‌ಪಿಯರ್, ಜೇನ್ ಆಸ್ಟಿನ್ ಬರಹದಲ್ಲೂ ಅದು ಸಿಗುತ್ತದೆ.

ಗೀಟು ಬಿದ್ದದ್ದು ಹದಿನೆಂಟನೇ ಶತಮಾನದಲ್ಲಿ. ಗಂಡು-ಹೆಣ್ಣು ಇಬ್ಬರಿಗೂ ಸಲ್ಲುವ ಪದಕ್ಕೆ ಪುಲ್ಲಿಂಗದ ಸರ್ವನಾಮ ಸಾಕು ಎಂದು ಮೊದಮೊದಲು ಬರೆದವರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಶಿಕ್ಷಕಿ ಆ್ಯನ್ ಫಿಶರ್ ಒಬ್ಬಳು; ಹೌದು, ಹೆಂಗಸೇ. ಆಮೇಲೆ 1795ರಲ್ಲಿ ಬಂದದ್ದು ಲಿಂಡ್ಲಿ ಮರ್‍ರೆಯ ವ್ಯಾಕರಣ. ಲೋಕಕ್ಕೆ ಕಾಲಿಡುವ ಯಾರಾದರೂ ತಾವು ಮೋಸಹೋಗುವುದಿಲ್ಲವೆಂದು ನಿಶ್ಚಿಂತರಾಗಿರಬಲ್ಲರೇ ಎಂಬ ವಾಕ್ಯವನ್ನು ಅವನು ತಪ್ಪಿನ ಮಾದರಿಯಾಗಿ ಕೊಟ್ಟ. ‘ಎನಿ ವನ್, ಆನ್ ದೇರ್ ಎಂಟ್ರನ್ಸ್’ ಎಂದಿದ್ದುದು ‘ಹಿಸ್ ಎಂಟ್ರನ್ಸ್’ ಆಯಿತು. ಈ ಪುಸ್ತಕವನ್ನು ಅವನು ಬರೆದದ್ದು ಯಾರ್ಕ್‌ನ ಕ್ವೇಕರ್ ಎಂಬ ಕ್ರೈಸ್ತ ಪಂಥದ ಹೆಣ್ಣುಮಕ್ಕಳ ಶಾಲೆಗಾಗಿ. ಅಲ್ಲಿ ಲೋಕಕ್ಕೆ ಕಾಲಿಡಲಿದ್ದವರೆಲ್ಲ ಹುಡುಗಿಯರು.

ಬಹುವಚನವಾಗಿದ್ದ ‘ಯು’ ಒಬ್ಬರಿಗೂ ನಿಂತು ‘ನೀನು’ ಎಂಬರ್ಥದ ಹಳೆಯ ‘ದೌ’ವನ್ನು ಮೂಲೆಗೆ ತಳ್ಳಿದ್ದಕ್ಕೆ ಮಾತ್ರ ಇಂದು ಯಾರೂ ಗೀಟು ಹಾಕುವುದಿಲ್ಲ. ಒಬ್ಬರನ್ನೇ ‘ನೀವು’, ‘ಅವರು’ ಎನ್ನುವ ನಮಗೆ ಇದರಲ್ಲಿ ಅಚ್ಚರಿಯಿಲ್ಲ.

ಹೊಸ ಸರ್ವನಾಮ ಹೊಸೆದವರೂ ಇದ್ದರು. ಅಮೆರಿಕದ ವಕೀಲ ಕಾನ್‌ವರ್ಸ್ 1884ರಲ್ಲಿ ‘ದಟ್ ವನ್’ ಅನ್ನು ಹಿಂಡಿ ‘ಥಾನ್’ ಮಾಡಿದ. ಅದು ನಿಘಂಟು ಸೇರಿತು, ಜನರ ನಾಲಿಗೆ ಸೇರಲಿಲ್ಲ. 1961ರಲ್ಲಿ ಮೆರಿಯಮ್-ವೆಬ್‌ಸ್ಟರ್ ಅದನ್ನು ಕೈಬಿಟ್ಟಿತು. ಅದೇ ನಿಘಂಟು 2019ರಲ್ಲಿ ‘ದೇ’ಯನ್ನು ವರ್ಷದ ಪದವೆಂದು ಆರಿಸಿತು.

ನಮ್ಮ ಕಾನೂನಿನ ಭಾಷೆ ಇನ್ನೂ ಮರ್‍ರೆಯ ಜೊತೆಗಿದೆ. 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಮಿನಲ್ಲಿ ‘ಹೀ’ ಎಂದರೆ ಗಂಡೂ ಆಗಬಹುದಿತ್ತು, ಹೆಣ್ಣೂ ಆಗಬಹುದಿತ್ತು. 2024ರ ಜುಲೈ 1ರಂದು ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಇಬ್ಬರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿತು. ‘ಹೀ’ಯನ್ನು ಹಾಗೆಯೇ ಉಳಿಸಿಕೊಂಡಿತು.