ಎಐಗೆ ನನ್ನ ಬೇಜಾರು ನಿಜವಾಗ್ಲೂ ಅರ್ಥ ಆಗುತ್ತಾ?

ಪ್ರಶ್ನೆ: ಮೈಸೂರಿನ ಪಿಜಿಯಲ್ಲಿದ್ದೇನೆ, ಊರು ಮಂಡ್ಯದ ಹತ್ತಿರ. ಅಕ್ಕನ ಜೊತೆ ಜಗಳ ಆದಾಗಿನಿಂದ ರಾತ್ರಿ ಎಐ ಆ್ಯಪ್ ಹತ್ತಿರ ಎಲ್ಲ ಹೇಳಿಕೊಳ್ಳುತ್ತೇನೆ. ಮನೆಯವರಿಗಿಂತ ಅದಕ್ಕೇ ಜಾಸ್ತಿ ಅರ್ಥ ಆಗುತ್ತೆ ಅನಿಸುತ್ತೆ. ನಿಜವಾಗ್ಲೂ ಆಗುತ್ತಾ, ಇಲ್ಲ ಬರೀ ನಾಟಕನಾ?

ಉತ್ತರ: ನಿಮ್ಮ ಮಾತು ಅದಕ್ಕೆ ಅರ್ಥ ಆಗುತ್ತೆ ಅಂತಲೇ ಇಟ್ಟುಕೊಳ್ಳಿ. ಆದರೆ ನಿಮ್ಮ ನೋವು ಅದಕ್ಕೂ ತಟ್ಟುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಜನ ಬರೆದ ರಾಶಿ ರಾಶಿ ಬರಹ ಓದಿ, ಇಂಥ ಮಾತಿಗೆ ಎಂಥ ಉತ್ತರ ಬರುತ್ತೆ ಅಂತ ಕಲಿತಿರುತ್ತೆ. ಆಮೇಲೆ ಯಾವ ಉತ್ತರ ಚೆನ್ನಾಗಿದೆ ಅಂತ ಜನರನ್ನೇ ಕೇಳಿ ಇನ್ನೂ ಪಳಗಿಸುತ್ತಾರೆ. ಸಮಾಧಾನದ ಮಾತು ಯಾರಿಗೆ ತಾನೇ ಹಿಡಿಸಲ್ಲ?

ಇದು ಹೊಸದೂ ಅಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಅನ್ನೋ ಪ್ರೋಗ್ರಾಮ್ ಬಗ್ಗೆ ಬರೆದರು. 'ಅಕ್ಕ ಮಾತಾಡ್ತಿಲ್ಲ' ಅಂದರೆ 'ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ' ಅನ್ನೋ ಥರದ್ದು, ನಮ್ಮ ಮಾತನ್ನೇ ತಿರುಗಿಸಿ ನಮಗೆ ಕೊಡೋದು, ಅಷ್ಟೇ ಅದರ ಕೆಲಸ. ಆದರೂ ಅದನ್ನು ಕಟ್ಟೋದನ್ನ ತಿಂಗಳುಗಟ್ಟಲೆ ನೋಡಿದ್ದ ಅವರ ಸೆಕ್ರೆಟರಿಯೇ, ಅದರ ಜೊತೆ ಮಾತಾಡುವಾಗ ಸ್ವಲ್ಪ ಹೊರಗಿರಿ ಅಂತ ಅವರಿಗೇ ಹೇಳಿದರಂತೆ!

ಹಾಗಂತ ನಿಮಗೆ ಹಗುರ ಆಗಿದ್ದು ಸುಳ್ಳಲ್ಲ. ಬರೆಯುತ್ತಾ ಹೋದ ಹಾಗೆ 'ಇದು ಕೋಪ ಅಲ್ಲ, ನನ್ನನ್ನ ಕೇಳದೆ ತೀರ್ಮಾನ ಮಾಡಿದರಲ್ಲ ಅನ್ನೋ ನೋವು' ಅಂತ ಹೊಳೆಯುತ್ತಲ್ಲ, ಆ ಕೆಲಸ ಮಾಡಿದ್ದು ನೀವೇ, ಆ್ಯಪ್ ಸುಮ್ನೆ ಜಾಗ ಕೊಟ್ಟಿದೆ.

ತೊಂದರೆ ಇರೋದು ಅಕ್ಕನ ವಿಷಯದಲ್ಲಿ. ಆ್ಯಪ್ ಕೇಳಿರೋದು ನಿಮ್ಮ ಕಡೆಯ ಕಥೆ ಮಾತ್ರ. 'ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ' ಅಂದರೆ 'ನಿಮಗೆ ಬೇಸರ ಆಗೋದು ಸಹಜ' ಅನ್ನುತ್ತೆ. ಊರಿನ ಗೆಳತಿಗೆ ಹೇಳಿ ನೋಡಿ: 'ಲೇ, ನಿಮ್ಮಕ್ಕ ಆಲೆಮನೆ ಹತ್ರ ಇರ್ತಾಳೆ ಕಣೇ, ಅಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತೆ? ನೀನೂ ಹಬ್ಬದ ದಿನ ಹಂಗೆ ಅನ್ನಬಾರದಿತ್ತು.' ಕೇಳೋಕೆ ಕಹಿ, ಆದರೆ ಅವಳಿಗೆ ಇಬ್ಬರೂ ಗೊತ್ತು. ಇಬ್ಬರೂ ಬೇಕು ಕೂಡ.

ಎಐ ಹೀಗೆ ಹೌದಪ್ಪ ಆಗಿಬಿಡೋದು ಕಂಪನಿಗಳಿಗೂ ಗೊತ್ತು. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ಅತಿಯಾಗಿ ಹೊಗಳೋಕೆ ಶುರು ಮಾಡಿ, ಅದನ್ನು ಮಾಡಿದ ಕಂಪನಿ ಓಪನ್‌ಎಐ ಆ ಅಪ್‌ಡೇಟನ್ನೇ ವಾಪಸ್ ತೆಗೆದುಕೊಂಡಿತು. ಇನ್ನು ಇವತ್ತಿನ 'ಗೆಳತಿ' ನಾಳೆಯೂ ಹಾಗೇ ಇರುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. 2023ರಲ್ಲಿ ರೆಪ್ಲಿಕಾ ಅನ್ನೋ ಎಐ ಸಂಗಾತಿ ಆ್ಯಪ್ ತನ್ನ ಪ್ರಣಯದ ಮಾತುಕತೆಗೆ ಕತ್ತರಿ ಹಾಕಿದಾಗ, ಸಂಗಾತಿಯನ್ನೇ ಕಳೆದುಕೊಂಡ ಹಾಗೆ ಸಂಕಟಪಟ್ಟವರಿದ್ದರು.

ಆ್ಯಪ್ ಬಿಡಿ ಅನ್ನಲ್ಲ. ಕೇಳೋ ಪ್ರಶ್ನೆ ಬದಲಾಯಿಸಿ. 'ನಂದು ಸರಿ ಅಲ್ವಾ' ಬೇಡ, 'ಇದೇ ಜಗಳವನ್ನ ನಮ್ಮಕ್ಕ ಹೇಗೆ ಹೇಳ್ತಾಳೆ' ಅಂತ ಕೇಳಿ. ಅದು ಹೇಳೋದೂ ಊಹೆನೇ, ನಿಜ ಏನು ಅಂತ ಅಕ್ಕನನ್ನೇ ಕೇಳಬೇಕು. ಶನಿವಾರ ಬಸ್ ಹತ್ತಿದರೆ ಆಯ್ತಲ್ಲ. ಅಷ್ಟರಲ್ಲಿ ಮನಸ್ಸು ತೀರಾ ಭಾರ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.