ಕ್ಲಾವೆ ಎಂದರೆ ಬರೀ ಕೋಲಲ್ಲ

ಶಾಲಾ ತಾಳವಾದ್ಯ ತಂಡಗಳ ಕಾರ್ಯಕ್ರಮ ಪಟ್ಟಿಯಲ್ಲಿ 'ಆಫ್ರೋ-ಕ್ಯೂಬನ್ ಲಯಗಳು' ಎಂಬ ತಲೆಬರಹದಡಿ ಕಾಂಗಾ, ಬೊಂಗೊ, ಮರಾಕಾ ವಾದ್ಯಗಳ ಸಾಲಿನಲ್ಲೇ 'ಕ್ಲೇವ್' ಎಂದು ಬರೆದು ಮುಗಿಸಿರುತ್ತಾರೆ. ನೋಡಿ ನೋಡಿ ಸಾಕಾಗಿದೆ. ಅದು ಕ್ಲೇವ್ ಅಲ್ಲ, ಕ್ಲಾವೆ. ಸ್ಪ್ಯಾನಿಷ್ ಬಾಯಲ್ಲಿ 'ಕ್ಲಾಬೆ'ಗೆ ಹತ್ತಿರ. ಒಂದಕ್ಕೊಂದು ತಾಕಿಸಿ ನುಡಿಸುವ ಆ ಎರಡು ಗಟ್ಟಿಮರದ ಕೋಲುಗಳಿಗೂ ಅದೇ ಹೆಸರಿದೆ, ಒಪ್ಪೋಣ. ಆದರೆ ಕ್ಯೂಬಾದ ವಾದಕ 'ಕ್ಲಾವೆ ತಪ್ಪಿತು' ಎಂದರೆ ಕೋಲು ಕೈಜಾರಿತು ಎಂದರ್ಥವಲ್ಲ. ಇಡೀ ತಂಡ ಯಾವ ಐದು ಪೆಟ್ಟುಗಳಿಗೆ ಒಪ್ಪಿ ನುಡಿಸಬೇಕೋ ಆ ಒಪ್ಪಂದ ಮುರಿಯಿತು ಎಂದರ್ಥ.

ಮೂಲ ಲ್ಯಾಟಿನ್ನಿನ 'ಕ್ಲಾವಿಸ್', ಅಂದರೆ ಕೀಲಿಕೈ. ಸ್ಪ್ಯಾನಿಷಿನಲ್ಲಿ ಕ್ಲಾವೆ ಎಂದರೆ ಗೂಢಲಿಪಿ ಬಿಡಿಸುವ ಕೀಲಿಯೂ ಹೌದು, ಕಮಾನನ್ನು ಬಿಗಿಹಿಡಿಯುವ ನಡುಗಲ್ಲೂ ಹೌದು. ಇದರ ಹತ್ತಿರದ ನೆಂಟ 'ಕ್ಲಾವಿಹಾ', ಅಂದರೆ ಮರದ ಗೂಟ. ಹವಾನಾದ ಹಡಗುಕಟ್ಟೆಗಳಲ್ಲಿ ಹಲಗೆ ಜೋಡಿಸಲು ಬಳಸುತ್ತಿದ್ದ ಗೂಟಗಳೇ ಮುಂದೆ ಈ ಕೋಲುಗಳಾದವು ಎಂಬುದು ಕ್ಯೂಬಾದ ವಿದ್ವಾಂಸ ಫರ್ನಾಂಡೋ ಒರ್ಟಿಸ್ ಅವರ ವಾದ. ಕೀಲಿಗೂ ಗೂಟಕ್ಕೂ ನಂಟು ನಮಗೆ ಹೊಸದೇನಲ್ಲ. ಕನ್ನಡದಲ್ಲಿ ಕೀಲಿಯ ಪಕ್ಕದಲ್ಲೇ ಕೀಲು ಇದೆ.

ಲೆಕ್ಕ ಸರಳ. ಹದಿನಾರು ಮಾತ್ರೆಗಳಲ್ಲಿ 1, 4, 7, 11, 13ಕ್ಕೆ ಪೆಟ್ಟು ಬಿದ್ದರೆ ಸೋನ್ ಕ್ಲಾವೆ, ಅಂದರೆ ಸೋನ್ ಎಂಬ ಕ್ಯೂಬನ್ ಸಂಗೀತ ಶೈಲಿಯದು. ಮೃದಂಗ ಕಲಿತವರು ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ ಎಂದು ಹೇಳಿಕೊಂಡು ಪ್ರತಿ ಸೊಲ್ಲಿನ ಮೊದಲಕ್ಷರಕ್ಕೆ ಚಪ್ಪಾಳೆ ತಟ್ಟಿದರೆ ಸಾಕು. ಮೂರನೆಯ ಪೆಟ್ಟನ್ನು ಒಂದು ಮಾತ್ರೆ ತಡವಾಗಿಸಿ 8ಕ್ಕೆ ಇಟ್ಟರೆ ರುಂಬಾ ಕ್ಲಾವೆ, ಅಂದರೆ ರುಂಬಾ ಎಂಬ ಇನ್ನೊಂದು ಕ್ಯೂಬನ್ ಶೈಲಿಯದು. ಒಂದೇ ಮಾತ್ರೆಯ ವ್ಯತ್ಯಾಸವೆಂದು ಎರಡನ್ನೂ ಒಂದೇ ಪಾಠದಲ್ಲಿ ಕಲಸಿ ಕಲಿಸುವವರಿದ್ದಾರೆ. ಆ ಮಕ್ಕಳು ಕೊನೆಗೆ ಎರಡೂ ಅಲ್ಲದ ಮೂರನೆಯದೊಂದನ್ನು ನುಡಿಸುತ್ತಾರೆ.

ಮೊದಲರ್ಧದ ಮೂರು ಪೆಟ್ಟುಗಳಿಗೆ 'ತ್ರೆಸಿಯೋ' ಎನ್ನುತ್ತಾರೆ. ಎಡವಟ್ಟು ಇಲ್ಲೇ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಮೂರು ಸಮಭಾಗಗಳ ಗುಂಪಿಗೂ ಸ್ಪ್ಯಾನಿಷಿನಲ್ಲಿ ಇದೇ ಪದ. ಕ್ಯೂಬಾದ ತ್ರೆಸಿಯೋ ಸಮಭಾಗವಲ್ಲ, 3+3+2. ಪದದ ಹಂಗಿಲ್ಲದೆಯೂ ಮಕ್ಕಳ ಕೈ ಸಮಭಾಗದ ಕಡೆಗೇ ಜಾರುತ್ತದೆ, ಮೂರನೆಯ ಪೆಟ್ಟು ಬೇಗ ಬೀಳುತ್ತದೆ, ಲಯದ ಕಸುವು ಹೋಗುತ್ತದೆ. ಕಾಲಲ್ಲಿ ನಾಲ್ಕರ ನಡಿಗೆ ಬಿಡದೆ ಇಟ್ಟು ಬಾಯಲ್ಲಿ ಸೊಲ್ಲು ಹೇಳಿಸದೆ ಕೈಗೆ ಕೋಲು ಕೊಡಬಾರದು.

ಇನ್ನು 3-2, 2-3 ಎಂಬ ಗೊಂದಲ, ಅಂದರೆ ಮೂರು ಪೆಟ್ಟಿನ ಅರ್ಧ ಮೊದಲೋ ಎರಡು ಪೆಟ್ಟಿನದ್ದು ಮೊದಲೋ ಎಂಬುದು. ಇವು ಎರಡು ಬೇರೆ ಕ್ಲಾವೆಗಳಲ್ಲ. ಚಕ್ರ ಒಂದೇ, ರಾಗದ ಸಾಲು ಯಾವ ಅರ್ಧದಿಂದ ಹೊರಡುತ್ತದೆ ಎಂಬುದಷ್ಟೇ ವ್ಯತ್ಯಾಸ. ಈ ಹೆಸರಿಡುವ ರೂಢಿ ಗಟ್ಟಿಯಾದದ್ದು ನ್ಯೂಯಾರ್ಕಿನ ವಾದಕರ ನಡುವೆ. ಹಾಡಿನ ಮಧ್ಯೆ 'ಈಗ ಕ್ಲಾವೆ ತಿರುಗಿಸಿ' ಎಂದು ಮಕ್ಕಳಿಗೆ ಹೇಳುವ ಶಿಕ್ಷಕರನ್ನು ಏನೆನ್ನುವುದು? ಕ್ಲಾವೆ ತಿರುಗುವುದಿಲ್ಲ. ಒಂದು ಸಾಲಿನಲ್ಲಿ ಆವರ್ತನದ ಅರ್ಧಗಳು ಬೆಸಸಂಖ್ಯೆಯಲ್ಲಿದ್ದರೆ ಮುಂದಿನ ಸಾಲು ತಾನಾಗಿಯೇ ಇನ್ನೊಂದು ಅರ್ಧದಿಂದ ಆರಂಭವಾಗುತ್ತದೆ, ಅಷ್ಟೇ.

ಡ್ರಮ್ ಬಾರದ ಮಗುವಿಗೆ 'ಎರಡು ಕೋಲು ತಾನೆ' ಎಂದು ಕ್ಲಾವೆ ಹಿಡಿಸುವುದು ಬಹುತೇಕ ಶಾಲೆಗಳ ಪದ್ಧತಿ. ತಂಡದಲ್ಲಿ ಯಾರ ಲಯ ಎಲ್ಲರಿಗಿಂತ ಗಟ್ಟಿಯೋ ಅವರ ಕೈಯಲ್ಲಿರಬೇಕಾದದ್ದು ಅದು. ಒಂದು ಕೋಲು ಬೊಗಸೆಯಾಗಿಸಿದ ಅಂಗೈ ಮೇಲೆ ಸಡಿಲವಾಗಿ ಕೂರಬೇಕು. ಮುಷ್ಟಿಯಲ್ಲಿ ಬಿಗಿಹಿಡಿದರೆ ನಾದವೇ ಹೊರಡುವುದಿಲ್ಲ. ತಂಡ ಪಾಠ ಕಲಿತಿದೆಯೋ ಇಲ್ಲವೋ ತಿಳಿಯಬೇಕಿದ್ದರೆ ನಾಲ್ಕು ಆವರ್ತನ ಕ್ಲಾವೆಯನ್ನು ನಿಲ್ಲಿಸಿ, ಉಳಿದವರು ಮುಂದುವರಿಸಲಿ. ಐದನೆಯದಕ್ಕೆ ಕೋಲು ಮತ್ತೆ ಸೇರಿದಾಗ ಕಾಂಗಾದವರು ಅರ್ಧ ಮುಂದೋ ಹಿಂದೋ ಹೋಗಿದ್ದರೆ ಕಾರ್ಯಕ್ರಮದ ದಿನ ಗೊತ್ತುಮಾಡುವುದು ಬೇಡ.